ಅತ್ತೆ, ಮಾವ, ಮಗಳೊಂದಿಗೆ ಇಟಲಿ: ಗುಂಪು ಪ್ರವಾಸಕ್ಕೆ ಹೋಗಿಬಂದವರ ಮಾತು

ದಾವಣಗೆರೆಯಿಂದ ಒಬ್ಬ ಗೃಹಿಣಿಯ ಪ್ರಶ್ನೆ

ಬರುವ ಮೇ ತಿಂಗಳಿನಲ್ಲಿ ಕುಟುಂಬದೊಂದಿಗೆ ಇಟಲಿಗೆ ಹೋಗಬೇಕೆಂದಿದ್ದೇವೆ. ಎಂಟು ದಿನದ ಗುಂಪು ಪ್ರವಾಸ. ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್. ಮಾವನವರಿಗೆ 73 ವರ್ಷ, ಮೊಣಕಾಲು ನೋವಿದೆ. ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಅತ್ತೆ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವರಲ್ಲ. ಮಗಳಿಗೆ 9. ಇವರನ್ನೆಲ್ಲ ಕರೆದುಕೊಂಡು ಗುಂಪಿನಲ್ಲಿ ಹೋಗುವುದು ಸರಿಯೇ? ಹೋಗಿಬಂದವರು ದಯವಿಟ್ಟು ಅನುಭವ ಹೇಳಿ.

ಮೈಸೂರಿನಿಂದ

ಅಕ್ಕಾ, ಧೈರ್ಯವಾಗಿ ಹೋಗಿ. 2023ರ ಸೆಪ್ಟೆಂಬರಿನಲ್ಲಿ ನಾನು ಅಪ್ಪ, ಅಮ್ಮ, ಹೆಂಡತಿ, ಮಗನೊಂದಿಗೆ ನೀವು ಹೇಳಿದ ಇದೇ ನಾಲ್ಕು ಊರುಗಳನ್ನು ಗುಂಪಿನಲ್ಲಿ ಸುತ್ತಿಬಂದೆ. ಅಪ್ಪನಿಗೆ ಆಗ 71, ಅವರಿಗೂ ಮೊಣಕಾಲಿನದೇ ತೊಂದರೆ. ಆದರೆ ಹಣ ಕಟ್ಟುವ ಮೊದಲು ಕಾರ್ಯಕ್ರಮ ಪಟ್ಟಿಯನ್ನು ಪೆನ್ಸಿಲ್ ಹಿಡಿದುಕೊಂಡು ಓದಿ. ಊರಿನ ಹೆಸರುಗಳಿಗಿಂತ ಕ್ರಿಯಾಪದಗಳನ್ನು ನೋಡಿ. ‘ಭೇಟಿ’ ಎಂದಿದೆಯೇ, ‘ಹೊರಗಿನಿಂದ ವೀಕ್ಷಣೆ’ ಎಂದಿದೆಯೇ, ‘ಬಸ್ಸಿನಿಂದ ನೋಟ’ ಎಂದಿದೆಯೇ? ನಮ್ಮ ಪಟ್ಟಿಯಲ್ಲಿ ಕೊಲೋಸಿಯಂ, ಅಂದರೆ ರೋಮಿನ ಪುರಾತನ ಕ್ರೀಡಾಂಗಣ, ಹೊರಗಿನಿಂದ ಮಾತ್ರ ಇತ್ತು. ಸುಮಾರು ಎರಡು ಸಾವಿರ ವರ್ಷ ಹಳೆಯ ಆ ಕಮಾನುಗಳ ಎದುರು ನಿಂತು ಅಮ್ಮ, ‘ಇಷ್ಟು ದೂರ ಬಂದು ಒಳಗೆ ಹೋಗುವುದಿಲ್ಲವೇ?’ ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಕೈಯಲ್ಲಿ ಇದ್ದದ್ದು ನಲವತ್ತು ನಿಮಿಷ. ಒಳಗೆ ಲಿಫ್ಟ್ ಕೂಡ ಇದೆ ಎಂದು ಊರಿಗೆ ಬಂದ ಮೇಲೆ ತಿಳಿಯಿತು. ಆ ಸಂಕಟ ಇನ್ನೂ ಇದೆ.

ಎರಡನೆಯದು ನಡಿಗೆ. ನಮ್ಮಲ್ಲಿ ಬಸ್ಸು ದೇವಸ್ಥಾನದ ಬಾಗಿಲಿಗೇ ಹೋಗಿ ನಿಲ್ಲುತ್ತದಲ್ಲ, ಅಲ್ಲಿ ಹಾಗಿಲ್ಲ. ಹಳೆಯ ಊರಿನ ನಡುಭಾಗಕ್ಕೆ ಪ್ರವಾಸಿ ಬಸ್ಸುಗಳನ್ನು ಬಿಡುವುದಿಲ್ಲ, ಹೊರಗೆಲ್ಲೋ ಇಳಿಸಿ ಹೋಗುತ್ತಾರೆ. ಪೀಸಾದಲ್ಲಿಯೂ ಬಸ್ ನಿಲ್ದಾಣದಿಂದ ಗೋಪುರಕ್ಕೆ ಸಾಕಷ್ಟು ದೂರ. ಫ್ಲಾರೆನ್ಸಿನ ದಿನ ನನ್ನ ಮೊಬೈಲು ಹದಿನಾಲ್ಕು ಸಾವಿರ ಹೆಜ್ಜೆ ತೋರಿಸಿತ್ತು. ರೋಮಿನ ಬೀದಿಗಳಿಗೆ ಹಾಸಿರುವ ಕರಿಯ ಚೌಕದ ಕಲ್ಲುಗಳಿಗೆ ‘ಸಾಂಪಿಯೆತ್ರಿನಿ’ ಎನ್ನುತ್ತಾರೆ. ನೋಡಲು ಚೆಲುವು, ಆದರೆ ಏರುತಗ್ಗು, ಮೊಣಕಾಲಿಗೆ ಶತ್ರು. ಮಾವನವರಿಗೆ ದಪ್ಪ ಅಟ್ಟೆಯ ಬೂಟು ಈಗಲೇ ಕೊಡಿಸಿ, ಎರಡು ತಿಂಗಳು ಅದರಲ್ಲೇ ನಡೆಯಲಿ. ಹೊಸ ಬೂಟು ಹಾಕಿಕೊಂಡು ವಿಮಾನ ಹತ್ತಿಸಬೇಡಿ.

ಇನ್ನು ನಿಜವಾಗಿ ಹೇಳಬೇಕೆಂದಿದ್ದ ಮಾತು. ಪ್ರತಿ ಊರಿನಲ್ಲೂ ಮಾವನವರು ಎಲ್ಲಿ ಕುಳಿತುಕೊಳ್ಳಬಹುದು ಎಂಬುದನ್ನು ಹಿಂದಿನ ರಾತ್ರಿಯೇ ಗೊತ್ತು ಮಾಡಿಕೊಳ್ಳಿ. ನಾವು ಇದನ್ನು ಕಲಿತದ್ದು ಮೂರನೆಯ ದಿನ. ಅಲ್ಲಿಯವರೆಗೆ ಅಪ್ಪ ಗುಂಪಿನ ಹಿಂದೆ ಓಡುತ್ತಲೇ ಇದ್ದರು. ಗೈಡ್ ಎತ್ತಿ ಹಿಡಿದ ಪುಟ್ಟ ಬಾವುಟವನ್ನು ಕಣ್ಣಿನಿಂದ ತಪ್ಪಿಸಬಾರದೆಂಬ ಆತಂಕದಲ್ಲಿ ಅವರು ಬೇರೇನನ್ನೂ ನೋಡಲಿಲ್ಲ. ಫ್ಲಾರೆನ್ಸಿನಲ್ಲಿ ದೊಡ್ಡ ಚರ್ಚಿನ ಹತ್ತಿರವೇ ಮೆದಿಚಿ ಮನೆತನದ ಹಳೆಯ ಅರಮನೆ ಇದೆ. ಅದರ ಹೊರಗೋಡೆಗೆ ಅಂಟಿಕೊಂಡು ಕಲ್ಲಿನ ಕಟ್ಟೆ ಇದೆ, ನಮ್ಮ ಹಳ್ಳಿಮನೆಗಳ ಜಗುಲಿಯಂತೆ. ಐದುನೂರು ವರ್ಷಗಳಿಂದ ದಾರಿಹೋಕರು ಅಲ್ಲಿ ಕುಳಿತಿದ್ದಾರೆ. ಅಪ್ಪನನ್ನು, ಜೊತೆಗೆ ನನ್ನ ಮಗನನ್ನು ಅಲ್ಲಿ ಕೂರಿಸಿ, ನಾವು ಮೂವರು ಗುಂಪಿನೊಂದಿಗೆ ಹೋದೆವು. ಒಂದು ಗಂಟೆ ಬಿಟ್ಟು ಬಂದರೆ ಅಜ್ಜ ಮೊಮ್ಮಗ ಇಬ್ಬರ ಮುಖವೂ ಅರಳಿತ್ತು. ‘ನಮ್ಮ ಅಜ್ಜನೂ ಹೀಗೇ ಜಗುಲಿಯ ಮೇಲೆ ಕುಳಿತು ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತನಾಡಿಸುತ್ತಿದ್ದರು’ ಎಂದು ಅಪ್ಪ ಹಳೆಯ ಕಥೆ ತೆಗೆದಿದ್ದರು. ನನಗೇ ಗೊತ್ತಿಲ್ಲದ ಕಥೆಗಳು ಅವು, ಮಗನಿಂದ ಆಮೇಲೆ ಕೇಳಿದೆ.

ರೋಮಿನ ವ್ಯಾಟಿಕನ್ ಸಂಗ್ರಹಾಲಯದೊಳಗಿನ ಸಿಸ್ಟೀನ್ ಚಾಪೆಲಿನಲ್ಲಿಯೂ ಹೀಗೇ ಆಯಿತು. ಗೋಡೆಯುದ್ದಕ್ಕೂ ಕೂರಲು ಬೆಂಚಿನಂಥ ಕಟ್ಟೆಗಳಿವೆ. ನಾವೆಲ್ಲ ನಡುವೆ ನಿಂತು, ನೂಕುನುಗ್ಗಲಿನಲ್ಲಿ ಕತ್ತು ನೋಯಿಸಿಕೊಂಡು ನೋಡಿದೆವು. ಅಪ್ಪ ಗೋಡೆಗೆ ಒರಗಿ ಕುಳಿತು ಇಪ್ಪತ್ತು ನಿಮಿಷ ಛಾವಣಿಯನ್ನೇ ನೋಡಿದರು. 1508ರಿಂದ 1512ರವರೆಗೆ ಮೈಕೆಲೇಂಜೆಲೊ ಅಟ್ಟಣಿಗೆಯ ಮೇಲೆ ನಿಂತು, ತಲೆ ಹಿಂದಕ್ಕೆ ಚಾಚಿ ಬಿಡಿಸಿದ ಚಿತ್ರಗಳವು. ನಮ್ಮ ಮನೆಯಲ್ಲಿ ಅವುಗಳನ್ನು ಸರಿಯಾಗಿ ನೋಡಿದವರು ಅಪ್ಪ ಒಬ್ಬರೇ. ಅಲ್ಲಿ ಫೋಟೊ ತೆಗೆಯುವಂತಿಲ್ಲ, ಮಾತನಾಡುವಂತಿಲ್ಲ. ಭುಜ, ಮೊಣಕಾಲು ಮುಚ್ಚಿರಬೇಕು. ಅತ್ತೆಯವರು ಸೀರೆಯಲ್ಲಿ ಹೋದರೆ ಚಿಂತೆಯೇ ಇಲ್ಲ. ಆದರೆ ಚಾಪೆಲ್ಲಿಗೆ ತಲುಪುವ ಮೊದಲು ಸಂಗ್ರಹಾಲಯದ ಮೊಗಸಾಲೆಗಳು ಮುಗಿಯುವುದೇ ಇಲ್ಲ. ಅಲ್ಲಿ ಗಾಲಿಕುರ್ಚಿಯನ್ನು ಉಚಿತವಾಗಿ ಕೊಡುತ್ತಾರೆ. ಮಾವನವರು ಸಂಕೋಚಪಟ್ಟರೂ ಕೇಳಿ ಪಡೆಯಿರಿ.

ಹುಬ್ಬಳ್ಳಿಯಿಂದ, ಊಟದ ಬಗ್ಗೆ

ತಂಗೀ, ನಾನೂ ಮೊಟ್ಟೆ ತಿನ್ನುವವಳಲ್ಲ, ಆದ್ದರಿಂದ ಊಟದ ವಿಷಯ ನಾನೇ ಹೇಳುತ್ತೇನೆ. ರಾತ್ರಿ ಊಟ ಸಾಮಾನ್ಯವಾಗಿ ಭಾರತೀಯ ಹೋಟೆಲಿನಲ್ಲಿ ಇರುತ್ತದೆ: ಅನ್ನ, ದಾಲ್, ರೊಟ್ಟಿ, ಒಂದು ಪಲ್ಯ. ನಾಲ್ಕನೆಯ ದಿನಕ್ಕೆ ಅದೇ ದಾಲ್ ಕಂಡು ನಾಲಿಗೆ ಸತ್ತಿರುತ್ತದೆ. ಕಷ್ಟ ಇರುವುದು ಮಧ್ಯಾಹ್ನ, ‘ನಿಮಗೆ ಬೇಕಾದಲ್ಲಿ ತಿನ್ನಿ’ ಎಂದು ಬಿಟ್ಟಾಗ.

ಪಿಜ್ಜಾದಲ್ಲಿ ಮಾರ್ಗರೀಟ ಎಲ್ಲರಿಗೂ ಗೊತ್ತು. ಮಾರಿನಾರ ಎಂದು ಇನ್ನೊಂದಿದೆ, ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಒರೆಗಾನೊ ಅಷ್ಟೇ. ಹೆಸರು ಕೇಳಿದರೆ ಸಮುದ್ರದ್ದು ಅನಿಸುತ್ತದೆ, ಮೀನು ಇರುವುದಿಲ್ಲ, ಚೀಸೂ ಇರುವುದಿಲ್ಲ. ನಾಪೊಲಿ ಎಂಬ ಹೆಸರಿನ ಪಿಜ್ಜಾದಲ್ಲಿ ಮಾತ್ರ ಸಣ್ಣ ಮೀನು ಇರುತ್ತದೆ, ಎಚ್ಚರ. ಪಾಸ್ತಾದಲ್ಲಿ ಒಣಗಿಸಿದ್ದು ಬರೀ ಗೋಧಿಯ ರವೆಯದು, ಕೈಯಲ್ಲಿ ಮಾಡಿದ ತಾಜಾ ಪಾಸ್ತಾಕ್ಕೆ ಬಹಳ ಕಡೆ ಮೊಟ್ಟೆ ಹಾಕುತ್ತಾರೆ. ತಿರಮಿಸುವಿನಲ್ಲಿ ಹಸಿ ಮೊಟ್ಟೆಯೇ ಇದೆ. ತರಕಾರಿ ಸೂಪನ್ನೂ ಮಾಂಸದ ಸಾರಿನಲ್ಲಿ ಕುದಿಸಿರಬಹುದು, ಕೇಳಿಯೇ ತಿನ್ನಿ. ಇನ್ನೊಂದನ್ನು ಯಾರೂ ಮೊದಲೇ ಹೇಳುವುದಿಲ್ಲ: ಪಾಸ್ತಾದ ಮೇಲೆ ತುರಿದು ಉದುರಿಸುವ ಪಾರ್ಮೆಸಾನ್ ಚೀಸನ್ನು ಗಟ್ಟಿಗೊಳಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ಪದಾರ್ಥದಿಂದ. ನನಗೆ ಇದು ತಿಳಿದದ್ದು ಮೂರು ದಿನ ತಿಂದ ಮೇಲೆ, ಬಹಳ ಅತ್ತುಬಿಟ್ಟೆ. ನಿಮ್ಮ ಅತ್ತೆಯವರಿಗೆ ಹೊರಡುವ ಮೊದಲೇ ಹೇಳಿಬಿಡಿ, ತೀರ್ಮಾನ ಅವರದು. ‘ಸೆನ್ಸಾ ಕಾರ್ನೆ, ಸೆನ್ಸಾ ಪೇಷೆ, ಸೆನ್ಸಾ ಉವೋವಾ’ ಎಂದರೆ ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ಇಟಾಲಿಯನ್ ಭಾಷೆಯಲ್ಲಿ ಒಂದು ಚೀಟಿ ಬರೆಸಿ ಇಟ್ಟುಕೊಳ್ಳಿ.

ಪೀಸಾದಲ್ಲಿ ‘ಚೆಚಿನಾ’ ಕೇಳಿ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಒಲೆಯಲ್ಲಿ ಬೇಯಿಸಿದ ತೆಳು ದೋಸೆ. ಬಿಸಿಬಿಸಿಯಾಗಿ, ಮೇಲೆ ಕರಿಮೆಣಸಿನ ಪುಡಿ ಉದುರಿಸಿ ಕೊಟ್ಟಾಗ ನಮ್ಮತ್ತೆ, ‘ಇದನ್ನು ನಮ್ಮವರೇ ಕಲಿಸಿರಬೇಕು’ ಎಂದರು. ಇಡೀ ಪ್ರವಾಸದಲ್ಲಿ ಅವರು ಎರಡನೆಯ ಸಲ ಕೇಳಿ ಹಾಕಿಸಿಕೊಂಡದ್ದು ಅದೊಂದನ್ನೇ.

ಊರಿನಿಂದ ಶೇಂಗಾ ಚಟ್ನಿಪುಡಿ, ಅವಲಕ್ಕಿ, ಖಡಕ್ ರೊಟ್ಟಿ ಒಯ್ಯಿರಿ. ತುಪ್ಪ, ಪೇಡ ಬೇಡ. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯೂರೋಪಿಗೆ ತರಲು ಬಿಡುವುದಿಲ್ಲ.

ಹೇಳಲೋ ಬೇಡವೋ ಎಂದುಕೊಂಡೆ, ಆದರೆ ಹಿರಿಯರನ್ನು ಕರೆದೊಯ್ಯುವವರಿಗೆ ಇದು ದೊಡ್ಡ ಸಮಾಧಾನ: ಇಟಲಿಯ ಹೋಟೆಲುಗಳ ಶೌಚಾಲಯದಲ್ಲಿ ತೊಳೆದುಕೊಳ್ಳಲು ಬಿಡೆ ಎಂಬ ಪುಟ್ಟ ತೊಟ್ಟಿ ಇರುತ್ತದೆ. 1975ರಿಂದ ಅಲ್ಲಿನ ಮನೆಗಳಲ್ಲಿ ಅದು ಇರಲೇಬೇಕೆಂಬ ನಿಯಮವಿದೆ. ಯೂರೋಪಿನ ಬೇರೆ ದೇಶಗಳ ಫಜೀತಿ ಇಲ್ಲಿ ಇಲ್ಲ.

ಪಾದುವಾದಲ್ಲಿ ಕೆಲಸದಲ್ಲಿರುವ ಕನ್ನಡಿಗನಿಂದ

ನಾನಿರುವ ಊರು ವೆನಿಸ್ಸಿಗೆ ರೈಲಿನಲ್ಲಿ ಅರ್ಧ ಗಂಟೆ. ಊರಿನಿಂದ ಬಂದವರನ್ನೆಲ್ಲ ನಾನೇ ಕರೆದೊಯ್ಯುವುದರಿಂದ ವೆನಿಸ್ಸಿನ ಬಗ್ಗೆ ಮಾತ್ರ ಹೇಳುತ್ತೇನೆ.

ಗುಂಪಿನವರಿಗೆ ವಾಸ್ತವ್ಯ ಸಾಮಾನ್ಯವಾಗಿ ಮೆಸ್ತ್ರೆಯಲ್ಲಿ, ಅಂದರೆ ದಡದ ಮೇಲೆ. ಬಸ್ಸು ನಿಮ್ಮನ್ನು ತ್ರೊಂಕೆತ್ತೊ ಎಂಬ ದ್ವೀಪದಲ್ಲಿ ಇಳಿಸುತ್ತದೆ, ಅಲ್ಲಿಂದ ದೋಣಿಯಲ್ಲಿ ಊರಿನ ಮುಖ್ಯ ಚೌಕವಾದ ಸಾನ್ ಮಾರ್ಕೊ ಕಡೆಗೆ. ದೋಣಿ ಇಳಿದು ಚೌಕಕ್ಕೆ ಹೋಗುವಾಗಲೇ ಸೇತುವೆಗಳು ಎದುರಾಗುತ್ತವೆ. ಊರಿನಲ್ಲಿ ನಾಲ್ಕುನೂರಕ್ಕೂ ಹೆಚ್ಚು ಸೇತುವೆಗಳಿವೆ, ಬಹುಪಾಲು ಎಲ್ಲದಕ್ಕೂ ಮೆಟ್ಟಿಲು. ಮಾವನವರಿಗೆ ಕಷ್ಟವಾಗುವ ದಿನ ಇದ್ದರೆ ಅದು ಇದೇ. ಉಪಾಯ ಇಷ್ಟು: ಚೌಕ ನೋಡಿದ ಮೇಲೆ ಗುಂಪು ಗಲ್ಲಿಗಳಲ್ಲಿ ನಡೆಯುತ್ತಾ ರಿಯಾಲ್ತೊ ಸೇತುವೆಗೆ ಹೋಗುತ್ತದೆ. ನೀವು ಮಾವನವರೊಂದಿಗೆ 1ನೇ ನಂಬರಿನ ವಾಪೊರೆತ್ತೊ, ಅಂದರೆ ನೀರಿನ ಮೇಲಿನ ಸಿಟಿ ಬಸ್ಸು, ಹತ್ತಿ ದೊಡ್ಡ ಕಾಲುವೆಯ ಮೂಲಕ ಅಲ್ಲಿಗೆ ಹೋಗಿ. ಎರಡೂ ಬದಿಯ ಅರಮನೆಗಳನ್ನು ಕುಳಿತೇ ನೋಡಬಹುದು. ನಡೆದು ಹೋದವರಿಗೆ ಈ ನೋಟ ಸಿಗುವುದಿಲ್ಲ. ಗೊಂಡೋಲಕ್ಕೆ ನಗರಸಭೆ ಗೊತ್ತುಮಾಡಿದ ದರ ಹಗಲಿನಲ್ಲಿ ಅರ್ಧ ಗಂಟೆಗೆ 90 ಯೂರೋ, ತಲೆಗಲ್ಲ, ಇಡೀ ದೋಣಿಗೆ. ಐದು ಜನರ ಕುಟುಂಬ ನಿಮ್ಮದು, ಒಂದು ದೋಣಿ ಸಾಕು.

ಪಾರಿವಾಳಗಳಿಗೆ ಕಾಳು ಹಾಕಲು ಮಗಳನ್ನು ಬಿಡಬೇಡಿ, 2008ರಿಂದ ನಿಷೇಧವಿದೆ. ಕಾಫಿ ಕುಡಿಯುವಾಗ ಕೌಂಟರಿನ ಬಳಿ ನಿಂತರೆ ಒಂದು ಬೆಲೆ, ಕುಳಿತರೆ ಇನ್ನೊಂದು. ಸಾನ್ ಮಾರ್ಕೊ ಚೌಕದಲ್ಲಂತೂ ವ್ಯತ್ಯಾಸ ಬಹಳ.

ಇನ್ನೊಂದು ಮಾತು ಬಸ್ ಚಾಲಕನ ಪರವಾಗಿ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಮುಕ್ಕಾಲು ಗಂಟೆ ಬಿಡುವು, ದಿನಕ್ಕೆ ಒಂಬತ್ತು ಗಂಟೆಯ ಚಾಲನೆ, ರಾತ್ರಿ ದೀರ್ಘ ವಿಶ್ರಾಂತಿ, ಇವು ಯೂರೋಪಿನ ಕಾನೂನು. ‘ಇನ್ನೊಂದು ಜಾಗ ತೋರಿಸಿಬಿಡಿ’ ಎಂದು ನಮ್ಮವರು ಚಾಲಕನ ಮೇಲೆ ರೇಗುವುದನ್ನು ನೋಡಿದ್ದೇನೆ. ಅವನ ಕೈಯಲ್ಲಿ ಏನೂ ಇಲ್ಲ. ಬೆಳಿಗ್ಗೆ ಹತ್ತು ನಿಮಿಷ ತಡವಾಗಿ ಬಂದ ಕುಟುಂಬದಿಂದಾಗಿ ಸಂಜೆ ಇಡೀ ಗುಂಪಿಗೆ ಒಂದು ಜಾಗ ತಪ್ಪುತ್ತದೆ.

ಧಾರವಾಡದಿಂದ, ಹಿರಿಯರೊಬ್ಬರು

ಮೈಸೂರಿನವರು ಬರೆದದ್ದನ್ನು ಓದಿದೆ. ಅಪ್ಪನ ಮೇಲಿನ ಅವರ ಪ್ರೀತಿ ದೊಡ್ಡದು. ಆದರೆ ನಾನು ಕೂರಿಸಲ್ಪಟ್ಟ ಅಪ್ಪ, ಆದ್ದರಿಂದ ನನ್ನ ಮಾತನ್ನೂ ಕೇಳಿ.

2019ರಲ್ಲಿ ಮಗ ಸೊಸೆಯೊಂದಿಗೆ ಹೋದಾಗ ನನಗೆ 68. ಮೊದಲ ದಿನ ನಾನು ಸ್ವಲ್ಪ ಕುಂಟಿದೆ. ಎರಡನೆಯ ದಿನದಿಂದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ‘ಅಪ್ಪ ಬಸ್ಸಿನಲ್ಲಿ ಇರುತ್ತಾರೆ’, ‘ಅಪ್ಪ ಇಲ್ಲಿ ಕೂರುತ್ತಾರೆ’ ಎಂದು ತೀರ್ಮಾನವಾಗಿಬಿಡುತ್ತಿತ್ತು. ಪ್ರೀತಿಯಿಂದಲೇ. ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವನು. ರೋಮಿನ ಪ್ಯಾಂಥಿಯನ್ ಎಂಬ ಪ್ರಾಚೀನ ದೇವಾಲಯದ ಗುಮ್ಮಟವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಗುಂಪು ಅದನ್ನು ನೋಡಲು ಹೋದಾಗ ನಾನು ಒಂದು ಕಾರಂಜಿಯ ಪಕ್ಕ ಎಲ್ಲರ ಚೀಲಗಳನ್ನು ಕಾಯುತ್ತ ಕುಳಿತಿದ್ದೆ.

ಆ ರಾತ್ರಿ ಊಟದ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಿದೆ. ಮಗನ ಮುಖ ಸಣ್ಣದಾಯಿತು. ಮರುದಿನ ಗುಂಪಿಗೆ ಖರೀದಿಗೆಂದು ಎರಡು ಗಂಟೆ ಬಿಟ್ಟಿದ್ದರು. ಅವನು ಟ್ಯಾಕ್ಸಿ ಹಿಡಿದು ನನ್ನನ್ನು ಕರೆದುಕೊಂಡು ಹೋದ. ಸ್ವಲ್ಪ ಹೊತ್ತಿನ ಮೊದಲು ಮಳೆ ಬಂದಿತ್ತು. ಗುಮ್ಮಟದ ನೆತ್ತಿಯಲ್ಲಿರುವ ಸುಮಾರು ಒಂಬತ್ತು ಮೀಟರ್ ಅಗಲದ ತೆರೆದ ಕಣ್ಣಿನಿಂದ ನೀರು ಒಳಗೇ ಬಿದ್ದು ನೆಲ ಒದ್ದೆಯಾಗಿತ್ತು. ಆ ನೀರು ಇಂಗಿಹೋಗಲು ಹಾಸುಗಲ್ಲಿನಲ್ಲಿ ಸಣ್ಣ ತೂತುಗಳನ್ನು ಕೊರೆದಿದ್ದಾರೆ. ಮಗ ಬಗ್ಗಿ ಅವುಗಳನ್ನು ನನಗೆ ತೋರಿಸಿದ. ನೆಲದಿಂದ ಆ ಕಣ್ಣಿನವರೆಗಿನ ಎತ್ತರವೂ ಗುಮ್ಮಟದ ಅಗಲವೂ ಒಂದೇ, 43 ಮೀಟರಿಗೆ ತುಸು ಹೆಚ್ಚು ಎಂದು ನಾನು ಅವನಿಗೆ ಹೇಳಿದೆ. ನನ್ನ ಮಗನಿಗೆ ನಾನು ಪಾಠ ಮಾಡಿದ್ದು ಅದೇ ಮೊದಲು, ಅವನು ಓದಿದ್ದು ಬೇರೆ ಶಾಲೆಯಲ್ಲಿ. (ಆಗ ಪ್ರವೇಶ ಉಚಿತವಿತ್ತು, 2023ರಿಂದ ಟಿಕೆಟ್ ಇದೆ.)

ಆದ್ದರಿಂದ ಮಗಳೇ, ನಿನ್ನ ಮಾವನವರನ್ನು ಇವತ್ತೇ ಕೂರಿಸಿಕೊಂಡು ಕೇಳು: ‘ಇಟಲಿಯಲ್ಲಿ ನೀವು ನೋಡಲೇಬೇಕಾದ ಒಂದು ಜಾಗ ಯಾವುದು?’ ‘ನನಗೇನು, ನೀವು ತೋರಿಸಿದ್ದನ್ನು ನೋಡುತ್ತೇನೆ’ ಎನ್ನುತ್ತಾರೆ. ನಮ್ಮ ಕಾಲದವರು ಹಾಗೆಯೇ ಹೇಳುವುದು. ಇನ್ನೊಂದು ಸಲ ಕೇಳು.

ಮೈಸೂರಿನಿಂದ, ಮತ್ತೆ

ಮೇಷ್ಟ್ರೇ, ನಿಮ್ಮ ಮಾತು ತಟ್ಟಿತು. ಜಗುಲಿಯ ಮೇಲೆ ಕೂರುವಿರಾ ಎಂದು ನಾನು ಅಪ್ಪನನ್ನು ಕೇಳಿರಲಿಲ್ಲ. ಇವತ್ತು ಫೋನ್ ಮಾಡಿ ಕೇಳಿದೆ. ಜಗುಲಿ ಖುಷಿ ಕೊಟ್ಟಿತ್ತಂತೆ, ಆದರೆ ಮೈಕೆಲೇಂಜೆಲೊ ಕೆತ್ತಿದ ದಾವಿದನ ವಿಗ್ರಹ ನೋಡಬೇಕೆಂಬ ಆಸೆ ಇತ್ತಂತೆ. ಅದಿರುವ ಅಕಾಡೆಮಿಯಾ ಸಂಗ್ರಹಾಲಯ ಆ ಕಟ್ಟೆಯಿಂದ ಹತ್ತು ನಿಮಿಷದ ದಾರಿ.

ದಾವಣಗೆರೆಯಿಂದ

ಎಲ್ಲರಿಗೂ ಕೈಮುಗಿದು ನಮಸ್ಕಾರ. ಪಟ್ಟಿಯನ್ನು ಪೆನ್ಸಿಲ್ ಹಿಡಿದು ಓದಿದೆ. ಕೊಲೋಸಿಯಂ ಒಳಗೆ ಇದೆ, ಪೀಸಾ ಗೋಪುರ ಹೊರಗಿನಿಂದ ಮಾತ್ರ. ಅತ್ತೆಯವರಿಗೆ ಚೀಸಿನ ವಿಷಯ ಹೇಳಿದೆ, ಚಟ್ನಿಪುಡಿ ಜಾಸ್ತಿ ಕುಟ್ಟಿಸು ಎಂದರು.

ಮಾವನವರನ್ನು ಕೇಳಿದೆ. ಮೊದಲ ಸಲ, ‘ಮಗು ಏನು ನೋಡುತ್ತದೋ ಅದೇ’ ಎಂದರು. ರಾತ್ರಿ ಮಾತ್ರೆ ಕೊಡುವಾಗ ಇನ್ನೊಂದು ಸಲ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೊಂಡೋಲದಲ್ಲಿ ನಿನ್ನ ಅತ್ತೆಯನ್ನು ಕೂರಿಸಬೇಕು’ ಎಂದರು. ಪಾದುವಾದ ಅಣ್ಣಾ, ಗೊಂಡೋಲ ಹತ್ತುವ ಕಡೆ ಮೆಟ್ಟಿಲು ಕಡಿಮೆ ಇರುವ ಜಾಗ ಯಾವುದೆಂದು ತಿಳಿಸುತ್ತೀರಾ?