ಕಾಳಿಲ್ಲದ್ದನ್ನು ತೆನೆ ಎನ್ನಬಹುದೇ?

ಚಂದಕ್ಕೆಂದು ಬೆಳೆಸುವ ಹುಲ್ಲು ಹೂ ಬಿಟ್ಟಾಗ ಆ ಹೂವಿಗೆ ಏನನ್ನಬೇಕು? ತೆನೆ, ಕದಿರು, ಸೂಲಂಗಿ, ಗೊಂಡೆ, ಕುಚ್ಚು ಎಂದು ಐದು ಪದ ಹುಡುಕಿಟ್ಟುಕೊಂಡಿದ್ದೇನೆ. ಐದಕ್ಕೂ ಒಂದೊಂದು ತಕರಾರಿದೆ. ಶಿರಸಿ, ಕಾರವಾರ ಕಡೆಯವರು ಯಾರಾದರೂ ಬಿಡಿಸಿ ಹೇಳಬೇಕು.

ನಾನಿರುವುದು ಶಿರಸಿ ಹತ್ತಿರ. ಮಳೆಗಾಲದಲ್ಲಿ ಇಲ್ಲಿ ಸಣ್ಣ ಬೀಜ ಬಿತ್ತಿದರೆ ನೀರಿನ ಜೊತೆ ಹೋದ ಹಾಗೇ. ಅದಕ್ಕೇ ದೀಪಾವಳಿ ಕಳೆದ ಮೇಲೆ ಅಡಿಕೆ ಹಾಳೆಯಲ್ಲಿ ಮರಳು, ತೆಂಗಿನ ನಾರಿನ ಪುಡಿ ತುಂಬಿ ಎರಡು ಜಾತಿ ಹುಲ್ಲು ಬಿತ್ತಿದೆ. ಒಂದು ಫೌಂಟನ್ ಗ್ರಾಸ್. ನಾನು ಅದನ್ನು ಕಾರಂಜಿ ಹುಲ್ಲು ಎನ್ನುತ್ತೇನೆ. ಇನ್ನೊಂದು ನೇರಳೆ ಎಲೆಯ ಸಜ್ಜೆ, ಪರ್ಪಲ್ ಮೆಜೆಸ್ಟಿ ಎಂಬ ತಳಿ. 2003ರಲ್ಲಿ ಅಮೆರಿಕದಲ್ಲಿ ಚಿನ್ನದ ಪದಕ ಗೆದ್ದ ತಳಿ ಅದು. ಬೀಜದ ಮೇಲೆ ತೆಳುವಾಗಿ ಮರಳು ಉದುರಿಸಿದೆ, ಅಷ್ಟೇ. ನೀರು ಮೇಲಿಂದ ಹೊಯ್ಯಲಿಲ್ಲ, ಹಾಳೆಗೆ ತೂತು ಮಾಡಿ ನೀರಿನ ತಟ್ಟೆಯಲ್ಲಿಟ್ಟೆ. ಇರುವೆಗೂ ಅದೇ ಅಡ್ಡಿ. ಸಜ್ಜೆ ನಾಲ್ಕೇ ದಿನಕ್ಕೆ ಬಂತು. ಕಾರಂಜಿ ಹುಲ್ಲು ಎರಡು ವಾರ ಸತಾಯಿಸಿತು.

ಒಂದು ದಿನ ಪೇಟೆಗೆ ಹೋಗಿ ಬರುವಷ್ಟರಲ್ಲಿ ಒಂದು ಹಾಳೆ ಖಾಲಿ! ಆಯಿಗೆ ಕೇಳಿದರೆ, "ಹುಲ್ಲು ಹುಟ್ಟಿತ್ತು ತಮಾ, ಕಿತ್ತಾಕಿದ್ದಿ" ಅಂದಳು. ತಪ್ಪು ಅವಳದ್ದಲ್ಲ, ಪದದ್ದು. ಹುಲ್ಲು ಅಂದರೆ ನಮಗೆ ಒಂದೋ ಕೀಳುವುದು, ಇಲ್ಲಾ ಆಕಳಿಗೆ ಹಾಕುವುದು. ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಅದು ಒಣಗಿದರೆ ಹೆಸರೂ ಬದಲಾಗಿ ಕರಡ ಆಗುತ್ತದೆ. ಹುಲುಮಾನವ ಎನ್ನುವಾಗಿನ ಹುಲು ಕೂಡ ಹುಲ್ಲಿನ ಕಡೆಯದೇ. ಹಳಗನ್ನಡದ ಪುಲ್. ಸುಮಾರು ಜನ ಅದನ್ನು ಹುಳು ಅಂದುಕೊಂಡು ಹುಳುಮಾನವ ಎಂದು ಬರೆಯುತ್ತಾರೆ, ಅದು ಬೇರೆ ಮಾತು. ಇಂಥ ಪದಕ್ಕೆ ಅಲಂಕಾರಿಕ ಎಂದು ಬಾಲ ಕಟ್ಟಿದರೂ ಆಯಿಯ ಕೈ ನಿಲ್ಲುವುದಿಲ್ಲ.

ಎರಡನೇ ಸಲ ಮಾತು ಬದಲಿಸಿದೆ. "ಅಗೆ ಹಾಕಿದ್ದೇನೆ" ಅಂದೆ. ಅಗೆ ಎಂದರೆ ಕಿತ್ತು ನೆಡಲೆಂದು ಬೆಳೆಸುವ ಭತ್ತದ ಸಸಿ. ಯಾರೂ ಮುಟ್ಟಲಿಲ್ಲ. ಭತ್ತವೂ ಹುಲ್ಲಿನ ಜಾತಿಯೇ ಅಲ್ವಾ? ಹಾಗಾಗಿ ಗದ್ದೆಯ ಮಾತೆಲ್ಲ ಇಲ್ಲಿಗೆ ಸರಿಯಾಗಿ ಹೊಂದಿತು. ಅಗೆ ಕಿತ್ತು ಕುಂಡಕ್ಕೆ ನೆಟ್ಟಿ ಮಾಡಿದೆ. ಬುಡದಲ್ಲಿ ಮರಿ ಮೂಡಿ ತೆಂಡೆ ಒಡೆಯಿತು. ನೇರಳೆ ಸಜ್ಜೆ ಮೊದಲು ಹಸಿರಾಗಿಯೇ ಇತ್ತು, ಬಿಸಿಲಿಗಿಟ್ಟ ಮೇಲೆ ಬಣ್ಣ ಏರಿತು. ಆಮೇಲೆ ಹೂ ಎಲೆಯೊಳಗೇ ಇದ್ದು ಉಬ್ಬಿ ಹೊಡೆ ಕಟ್ಟಿತು. ಹೊಡೆ ಎಂದರೆ ಹಳೆಯ ಪೊಡೆ, ಹೊಟ್ಟೆ. ಬಸುರಿ ಪೈರಿಗೆ ಎಷ್ಟು ಒಪ್ಪುವ ಮಾತು ನೋಡಿ. ಇಷ್ಟರವರೆಗೆ ಒಂದು ಹೊಸ ಪದವೂ ಬೇಕಾಗಲಿಲ್ಲ. ಹೊಡೆ ಬಿಚ್ಚಿದ ಮೇಲೆ ಗದ್ದೆಯ ಮಾತು ಕೈಕೊಟ್ಟಿತು.

ಸಜ್ಜೆಯ ವಿಷಯದಲ್ಲಿ ತೊಂದರೆ ಇರಲಿಲ್ಲ. ಬಾಗಲಕೋಟೆ ಕಡೆಯ ನೆಂಟರೊಬ್ಬರು ಬಂದವರು, "ಇದು ನಮ್ಮ ಸಜ್ಜಿ ಅಲ್ಲೇನ್ರೀ, ತೆನಿ ಚಲೋ ಬಂದೈತಿ" ಅಂದರು. ಗಿಳಿಗಳೂ ಬಂದು ಒಪ್ಪಿಗೆ ಕೊಟ್ಟು ಹೋದವು. ತಕರಾರು ಕಾರಂಜಿ ಹುಲ್ಲಿನದು. ಹಸಿರಿನದ್ದು ಬೀಜ ಕಟ್ಟುತ್ತದೆ. ಜಾಸ್ತಿಯೇ ಕಟ್ಟುತ್ತದೆ ಅನ್ನಿ, ಹವಾಯಿ ದ್ವೀಪಗಳಲ್ಲಿ ಹಬ್ಬಿ ದೊಡ್ಡ ತಲೆನೋವಾಗಿದೆ. ಹಾಗಾಗಿ ನಾನು ಅದರ ಹೂ ಮಾಗುವ ಮೊದಲೇ ಕತ್ತರಿಸುತ್ತೇನೆ. ನರ್ಸರಿಯಿಂದ ತಂದ ಕೆಂಪು ಎಲೆಯದ್ದು ಇನ್ನೊಂದಿದೆ, ರೂಬ್ರಮ್ ಎಂಬುದು. ಅದರ ಬೀಜ ಹಿಡಿಯೋಣ ಎಂದು ಅಂಗೈಯಲ್ಲಿ ತಿಕ್ಕಿದರೆ ಬರೀ ಧೂಳು. ಆಮೇಲೆ ಗೊತ್ತಾಯಿತು, ಆ ತಳಿ ಕಾಳು ಕಟ್ಟುವುದೇ ಇಲ್ಲ, ಬುಡ ಸೀಳಿಯೇ ನೆಡಬೇಕು. ಆಯಿ ನೋಡಿ ಒಂದೇ ಮಾತು ಹೇಳಿದಳು: "ಜೊಳ್ಳು."

ನನಗೆ ಅದು ಒಪ್ಪಿಗೆಯಾಗಲಿಲ್ಲ. ಕಾಳು ತುಂಬಬೇಕಾದದ್ದು ತುಂಬದಿದ್ದರೆ ಜೊಳ್ಳು. ಇದನ್ನು ಸಾಕಿದ್ದೇ ಹೂವಿಗೆ, ಜೊಳ್ಳು ಹೇಗಾಗುತ್ತದೆ? ಆದರೆ ಅವಳ ಮಾತಿನಿಂದ ತೆನೆ ಎನ್ನಲು ನನಗೂ ಬಾಯಿ ಬರುತ್ತಿಲ್ಲ. ಕದಿರು ಅಂದರೆ ಮನೆಗೆ ತಂದು ಪೂಜೆ ಮಾಡಿ ಬಾಗಿಲಿಗೆ ಕಟ್ಟುವ ಹೊಸ ಭತ್ತ. ಅದನ್ನು ಇಲ್ಲಿಗೆ ಎಳೆಯುವುದು ಸರಿಯಲ್ಲ. ಸೂಲಂಗಿ ಸರಿಹೋಗುತ್ತಿತ್ತು, ಕಬ್ಬಿನ ಹೂವಾದ ಸೂಲಂಗಿಯನ್ನು ಯಾರೂ ಕಾಳಿಗೆ ಕಾಯುವುದಿಲ್ಲ. ಆದರೆ ಅದು ಬಯಲುಸೀಮೆಯ ಮಾತು, ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಗೊಂಡೆ ಅಂದರೆ ಚೆಂಡುಹೂವಿನ ನೆನಪು. ಉಳಿದದ್ದು ಕುಚ್ಚು. ಕಾಳಿದ್ದರೂ ಸೈ, ಇಲ್ಲದಿದ್ದರೂ ಸೈ. ಆದರೆ ಕುಚ್ಚು ಕೆಳಗೆ ಜೋಲುತ್ತದೆ. ಇದು ಎದ್ದು ನಿಂತು ತುದಿಯಲ್ಲಷ್ಟೇ ಬಾಗುತ್ತದೆ.

ಕಾರವಾರದಿಂದ ಬಂದ ನಮ್ಮ ಅತ್ತೆ ಇದನ್ನು ಕಸಬರಿಗೆ ಗಿಡ ಎಂದರು. ನಗು ಬಂತು, ಆದರೆ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಕಸಬರಿಗೆ ನಿಜಕ್ಕೂ ಒಂದು ದೊಡ್ಡ ಹುಲ್ಲಿನ ಹೂವೇ. ಕಸಬರಿಗೆ ಕಟ್ಟುವವರು, ಮಾರುವವರು ಆ ಒಂದೊಂದು ಎಳೆಗೆ ಏನನ್ನುತ್ತಾರೆ? ನಿಮ್ಮ ಕಡೆ ಕೇಳಿದ್ದಿದ್ದರೆ ಅದನ್ನೇ ಮೊದಲು ಹೇಳಿ.