ಪದ ಬೇಕು: ಪವರ್ ಸಪ್ಲೈನಲ್ಲಿ ಕಾರ್ಡ್ ಹಾಕಿದ ಮೇಲೂ ಉಳಿಯುವ ವ್ಯಾಟ್‌ಗೆ ಏನನ್ನೋಣ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಿತ್ತು, ಇವತ್ತು ಸಂಜೆಯೊಳಗೆ.

ಕಂಪ್ಯೂಟರ್‌ನಲ್ಲಿ ಹಳೆ ಪವರ್ ಸಪ್ಲೈ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಇಟ್ಟುಕೊಂಡೇ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು ಅನ್ನುವವರಿಗೆ ಒಂದು ಲೆಕ್ಕದ ಪುಟ ಇದೆ. ಅದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪ್ರೊಸೆಸರ್, ಕಾರ್ಡ್, ಡಿಸ್ಕ್ ಎಲ್ಲ ತುಂಬಿದರೆ ಕೊನೆಯ ಕಾಲಂನಲ್ಲಿ ಒಂದು ಅಂಕಿ ಬರುತ್ತದೆ. ಅದರ ತಲೆಬರಹ ಹೆಡ್‌ರೂಮ್. ಯಂತ್ರದ ಅನುವಾದ 'ತಲೆಕೋಣೆ' ಅಂತ ಕೊಟ್ಟಿತು. ನಗು ಬಂತು, ಅಳಿಸಿದೆ. ಸದ್ಯಕ್ಕೆ 'ಹೆಚ್ಚುವರಿ ಸಾಮರ್ಥ್ಯ' ಅಂತ ಇಟ್ಟಿದ್ದೇನೆ. ಕಾಲಂನಲ್ಲಿ ಹಿಡಿಸುತ್ತಿಲ್ಲ. 'ಸಾಮ' ಮೇಲಿನ ಸಾಲಿನಲ್ಲಿ, 'ರ್ಥ್ಯ' ಕೆಳಗಿನ ಸಾಲಿನಲ್ಲಿ ಕೂತಿದೆ.

ಉದಾಹರಣೆಗೆ, ಪವರ್ ಸಪ್ಲೈ 550 ವ್ಯಾಟ್. ಆರ್‌ಟಿಎಕ್ಸ್ 4070 ಕಾರ್ಡ್‌ಗೆ 200. ಪ್ರೊಸೆಸರ್‌ಗೆ 120, ಮಿಕ್ಕ ಎಲ್ಲದಕ್ಕೂ 50. ಒಟ್ಟು 370 ಆಯಿತು. ಉಳಿದ 180ಕ್ಕೆ ಹೆಸರು ಬೇಕು. ಚಿಕ್ಕದಾಗಿರಲಿ.

ಇನ್ನೊಂದು. ಪವರ್ ಸಪ್ಲೈಗೆ 'ವಿದ್ಯುತ್ ಪೂರೈಕೆ' ಅಂದರೆ ನಡೆಯುತ್ತದಾ?

ಉತ್ತರ 1

ಮಿಗತೆ. ಕೊರತೆ ಬಜೆಟ್, ಮಿಗತೆ ಬಜೆಟ್ ಅಂತ ಪತ್ರಿಕೆಯಲ್ಲಿ ಓದುವುದಿಲ್ಲವೇ? ಕಾಲಂನಲ್ಲೂ ಹಿಡಿಸುತ್ತದೆ. ವ್ಯಾಟ್ ಸಾಲದೇ ಹೋದರೆ ಕೊರತೆ. ಜೋಡಿ ಪದ ಸಿದ್ಧವಾಗಿಯೇ ಇದೆ. ಇದಕ್ಕೆ ಚರ್ಚೆಯೇ ಬೇಡ.

ಉತ್ತರ 2

ಚರ್ಚೆ ಬೇಕು ಸರ್. ಮಿಗತೆ ಲೆಕ್ಕಪತ್ರದವರ ಪದ. ಹೆಡ್‌ರೂಮ್ ಅನ್ನುವುದರಲ್ಲಿ ಜಾಗದ ಭಾವ ಇದೆ. ಕನ್ನಡದಲ್ಲಿ ಅದಕ್ಕೆ ಸೊಗಸಾದ ಪದ ಇದೆ: ತೆರಪು. ನೀರಿನ ತೆರೆ ಇದೆಯಲ್ಲ, ಅದೇ ಬೇರು. ಎರಡು ತೆರೆಗಳ ನಡುವಿನ ಎಡೆಯೇ ತೆರಪು. ನಾವು ಇಂಥ ಪದಗಳನ್ನು ಮರೆತಿದ್ದೇವೆ. ಸಂಸ್ಕೃತ, ಇಂಗ್ಲಿಷ್ ಪದಗಳೇ ಜಾಸ್ತಿ ಆಗಿಬಿಟ್ಟಿವೆ.

'ವಿದ್ಯುತ್ ಪೂರೈಕೆ' ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದದ್ದು. ಬೇಡವೇ ಬೇಡ. 'ಮಿಂಚೊದಗಿಕೆ' ಅನ್ನಿ. ಕಾರ್ಡ್‌ಗೆ ಕರೆಂಟ್ ತರುವ 8 ಪಿನ್ ಕನೆಕ್ಟರ್‌ಗೆ 'ಎಂಟುಗೂಟ' ಅನ್ನಬಹುದು.

ಉತ್ತರ 3

ನಾನು ಭಾಷೆಯವನಲ್ಲ, ಮಷೀನ್ ಬಿಚ್ಚಿ ಜೋಡಿಸುವವನು. ಪದ ನೀವು ಹುಡುಕಿ, ಆದರೆ ಮೊದಲು ಆ 180 ತಪ್ಪು ಅಂತ ಹೇಳಬೇಕು.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ 550 ಅಂತ ಇರುತ್ತದೆ. ಅದನ್ನು ನಂಬಿ ಲೆಕ್ಕ ಹಾಕಬಾರದು. ಎಸ್‌ಎಂಪಿಎಸ್‌ನ, ಅಂದರೆ ಪವರ್ ಸಪ್ಲೈ ಡಬ್ಬಿಯ, ಮೈಗೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಅದು ಸಾಮಾನ್ಯವಾಗಿ ಒಳಗೋಡೆಯ ಕಡೆಗೇ ತಿರುಗಿರುತ್ತದೆ, ಟಾರ್ಚ್ ಬಿಟ್ಟು ಕತ್ತು ಓರೆ ಮಾಡಿ ಓದಬೇಕು. ಅದರಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಅಂತ ಕಾಲಂಗಳಿರುತ್ತವೆ. ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಮುಖ್ಯವಾಗಿ ತಿನ್ನುವುದು 12 ವೋಲ್ಟ್‌ನಿಂದ. ಅಲ್ಲಿ 37 ಆಂಪಿಯರ್ ಅಂತ ಇದ್ದರೆ 12ರಿಂದ ಗುಣಿಸಿ: 444 ವ್ಯಾಟ್. ನಿಮ್ಮ 370 ಕಳೆದರೆ ಉಳಿಯುವುದು 74. 180ಕ್ಕೂ 74ಕ್ಕೂ ಅಜಗಜಾಂತರ ಅಲ್ವಾ? ಹಳೆಯ, ಅಗ್ಗದ ಸಪ್ಲೈಗಳಲ್ಲಿ ಈ ಅಂತರ ಜಾಸ್ತಿ. ಒಳ್ಳೆಯದರಲ್ಲಿ ಹೆಚ್ಚುಕಡಿಮೆ ಪೂರ್ತಿ ವ್ಯಾಟ್ 12 ವೋಲ್ಟ್‌ನಲ್ಲೇ ಸಿಗುತ್ತದೆ.

ಈ 74 ಖರ್ಚು ಮಾಡಲಿಕ್ಕೆ ಇರುವುದೂ ಅಲ್ಲ. 200 ವ್ಯಾಟ್ ಅಂತ ಬರೆದ ಕಾರ್ಡ್ ಸದಾ 200ರಲ್ಲೇ ಕೂತಿರುವುದಿಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಅದನ್ನು ಮೀರಿ ಎಗರುತ್ತದೆ, ಮತ್ತೆ ಇಳಿಯುತ್ತದೆ. ಸಪ್ಲೈ ಅದನ್ನು ತಾಳದೇ ಹೋದರೆ ಆಟದ ಮಧ್ಯೆ ಪರದೆ ಕಪ್ಪಾಗಿ ಮಷೀನ್ ಮೊದಲಿನಿಂದ ಶುರುವಾಗುತ್ತದೆ. ನನ್ನದೇ ಮಷೀನ್‌ನಲ್ಲಿ ಹೀಗಾದಾಗ ಎರಡು ವಾರ ಕಾರ್ಡನ್ನು ಬೈದೆ. ಆಮೇಲೆ ಗೊತ್ತಾಯಿತು, ಕಾರ್ಡ್‌ದೇನೂ ತಪ್ಪಿರಲಿಲ್ಲ. ಪವರ್ ಸಪ್ಲೈಗಳಿಗೆ 2022ರ ಎಟಿಎಕ್ಸ್ 3.0 ನಿಯಮ ಬಂದ ಮೇಲೆ, 450 ವ್ಯಾಟ್‌ಗಿಂತ ದೊಡ್ಡದಾಗಿದ್ದು 16 ಪಿನ್ ಕನೆಕ್ಟರ್ ಇರುವ ಸಪ್ಲೈಗಳು 100 ಮೈಕ್ರೋಸೆಕೆಂಡ್ ಹೊತ್ತು ಎರಡು ಪಟ್ಟು ಎಗರಿಕೆ ತಾಳಬೇಕು. ನಿಮ್ಮ ಓದುಗರ ಬಳಿ ಇರುವುದು ಹಳೆಯದು. ಆದ್ದರಿಂದಲೇ ಈ ಕಾಲಂ.

'ಮಿಗತೆ 74' ಅಂದರೆ ನಾನಾದರೆ ಇನ್ನೆರಡು ಫ್ಯಾನ್, ಒಂದು ಡಿಸ್ಕ್ ಸಿಕ್ಕಿಸುತ್ತೇನೆ. ಮುಟ್ಟಬೇಡಿ ಅನ್ನುವ ಪದ ಬೇಕು.

ಉತ್ತರ 4

2ನೇ ಉತ್ತರಕ್ಕೆ.

ಅಲೆಯ ತೆರೆಗೂ ತೆರಪಿಗೂ ಸಂಬಂಧವಿಲ್ಲ. ತೆರಪಿನದು ಶಕಟರೇಫ, ಅಂದರೆ ಹಳಗನ್ನಡದ ಱ: ತೆಱಪು. ಬಾಗಿಲು ತೆರೆಯುವ ತೆಱೆ ಅದು. ಅಲೆಯದು ಸಾದಾ ರ. ಱ ಬಿದ್ದುಹೋದ ಮೇಲೆ ಕಿವಿಗೆ ಒಂದೇ ಥರ ಕೇಳಿಸುತ್ತದೆ ಅಂತ ಬೇರು ಒಂದೇ ಆಗುವುದಿಲ್ಲ.

'ಮಿಂಚೊದಗಿಕೆ'. ಒದಗುವುದು ತಾನಾಗಿ ಆಗುವುದು. ಈ ಡಬ್ಬಿ ಒದಗಿಸುತ್ತದೆ. ಇಸು ಎಲ್ಲಿ ಹೋಯಿತು?

'ವಿದ್ಯುತ್ ಪೂರೈಕೆ' ಬಿಡಿಸಿ ಬರೆದಿದ್ದಾರೆ. ಸಮಾಸವೇ ಇಲ್ಲದ ಕಡೆ ಅರಿಸಮಾಸ ಹುಡುಕಬೇಡಿ.

'ಎಂಟುಗೂಟ'. ಬೇಡ.

ಕೊನೆಯದಾಗಿ, ಹೊರಗಿನ ಪದ 'ಜಾಸ್ತಿ' ಆಗಿವೆ ಅಂತ ಕೊರಗಿದ್ದೀರಿ. ಜಾಸ್ತಿ ಬಂದದ್ದು ಅರಬ್ಬಿ, ಪಾರಸಿ ದಾರಿಯಲ್ಲಿ.

ಉತ್ತರ 5

ಱ ವಿಷಯ ಒಪ್ಪಿದೆ. ಆದರೂ ತೆರಪು ಕನ್ನಡದ್ದೇ ತಾನೇ? ಬೇರು ನಾನು ತಪ್ಪು ಹೇಳಿದೆ ಅಂತ ಪದ ತಪ್ಪಾಗುವುದಿಲ್ಲ.

ಜಾಸ್ತಿ ಅಂದದ್ದಕ್ಕೆ ಹಿಡಿದುಕೊಂಡಿರಿ, ಸರಿ. ನೂರಾರು ವರ್ಷ ನಾಲಿಗೆ ಮೇಲೆ ಹೊರಳಿ ಬಂದ ಪದ ಬೇರೆ, ನಿನ್ನೆ ಮೊನ್ನೆ ಡಬ್ಬದ ಜೊತೆ ಬಂದದ್ದು ಬೇರೆ. ಎಸ್‌ಎಂಪಿಎಸ್ ಅನ್ನುವುದು ಪದವೂ ಅಲ್ಲ, ನಾಲ್ಕು ಇಂಗ್ಲಿಷ್ ಅಕ್ಷರ. ಇವತ್ತು ಅದನ್ನು ಬಿಟ್ಟುಕೊಂಡರೆ ನಾಳೆ ಹೆಡ್‌ರೂಮ್ ಕೂಡ ಇರಲಿ ಬಿಡಿ ಅನ್ನುತ್ತೀರಿ.

ಉತ್ತರ 6

ಇರಲಿ ಬಿಡಿ ಅಂತ ನಾನಂತೂ ಅನ್ನುತ್ತೇನೆ! ಆದರೆ ಪ್ರಶ್ನೆ ಕೇಳಿದವರಿಗೆ ಸಂಜೆಯೊಳಗೆ ಪದ ಬೇಕಂತೆ, ಅದನ್ನು ಯಾರೂ ಓದಿದ ಹಾಗಿಲ್ಲ.

ನಾನು ಕೈಪಿಡಿಗಳ ಕರಡು ತಿದ್ದುವವಳು. 'ವಿದ್ಯುತ್ ಪೂರೈಕೆ' ಅಂತ ಮಾತ್ರ ಹಾಕಬೇಡಿ. ಅರಿಸಮಾಸ ಅಂತಲ್ಲ, ಅರ್ಥ ಹಾಳಾಗುತ್ತದೆ ಅಂತ. 'ನಿಮ್ಮ ವಿದ್ಯುತ್ ಪೂರೈಕೆಗೆ ಹೊಂದುವ ಕಾರ್ಡ್ ಆರಿಸಿ' ಅನ್ನುವ ಸಾಲನ್ನು ನನ್ನ ತಮ್ಮನಿಗೆ ಓದಿಸಿದೆ. ಅವನು ಪ್ಲಗ್ ಕಡೆ ನೋಡಿದ. ಮನೆಗೆ ಬರುವ ಕರೆಂಟ್ ಅಂದುಕೊಂಡ. ಎಸ್‌ಎಂಪಿಎಸ್ ಅಂದ ತಕ್ಷಣ ಪೆಟ್ಟಿಗೆಯೊಳಗೆ ಕೈ ಹಾಕಿದ.

ಇದೇ ಗೊಂದಲ ಸಪ್ಲೈನ ದಕ್ಷತೆ ತೋರಿಸುವ 80 ಪ್ಲಸ್ ಅನ್ನುವ ಗುರುತಿನಲ್ಲೂ ಇದೆ. ಎಷ್ಟೋ ಜನ 550ರಲ್ಲಿ ನೂರಕ್ಕೆ 80 ಮಾತ್ರ ಸಿಗುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಕೊಡುವುದು 550ನ್ನೇ. ದಕ್ಷತೆ ನೂರಕ್ಕೆ 90 ಇದ್ದರೆ ಗೋಡೆಯಿಂದ ಹೀರುವುದು ಸುಮಾರು 611. ಹಾಗಾಗಿ ಕ್ರಿಯಾಪದ ಆರಿಸುವಾಗ ಜೋಪಾನ: ಗೋಡೆಯಿಂದ ಹೀರುವುದು, ಕಾರ್ಡ್‌ಗೆ ಕೊಡುವುದು. ಎರಡಕ್ಕೂ 'ಬಳಕೆ' ಅಂತ ಹಾಕಿದರೆ ಓದುಗರು ದಾರಿ ತಪ್ಪುತ್ತಾರೆ.

ಹೆಡ್‌ರೂಮ್‌ಗೆ 'ಮೀಸಲು' ಆಗಬಹುದಾ? ಮುಟ್ಟಬೇಡಿ ಅನ್ನುವ ಅರ್ಥ ಬರುತ್ತದೆ.

ಉತ್ತರ 7 (3ನೆಯವನೇ)

ಮೇಡಂ, ಮೀಸಲು ಅಂದರೆ ಒಳಗೆ ಎಲ್ಲೋ ಬ್ಯಾಟರಿ ಥರ ಕೂಡಿಟ್ಟಿದೆ ಅನ್ನಿಸುತ್ತದೆ. ಇಲ್ಲಿ ಕೂಡಿಟ್ಟದ್ದು ಏನೂ ಇಲ್ಲ. ಎಸ್‌ಎಂಪಿಎಸ್‌ನ ಮೇಲೆ ಪೂರ್ತಿ ಹೊರೆ ಹೊರಿಸಿಲ್ಲ, ಅಷ್ಟೇ.

ಹೊರೆ ಅಂದದ್ದಕ್ಕೆ ಯಾರೂ ಱ ತರಬೇಡಿ ದಯವಿಟ್ಟು.

ಉತ್ತರ 8 (4ನೆಯವರು)

ಪೊಱೆ. ಅಲ್ಲೂ ಱ ಇದೆ. ಕಾಪಾಡುವ ಪೊರೆ ಬೇರೆ.

'ಬಾಕಿ' ಅಂತ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಬೇಡ. ಬಾಕಿ 74 ಅಂದರೆ ಎಸ್‌ಎಂಪಿಎಸ್ ಸಾಲ ಮಾಡಿದ ಹಾಗಿರುತ್ತದೆ.

ತೆರಪು ಈಗ ಎಷ್ಟು ಜನಕ್ಕೆ ಗೊತ್ತು? ಅದರ ಇವತ್ತಿನ ಅರ್ಥ ಬಿಡುವು. '74 ವ್ಯಾಟ್ ಬಿಡುವು' ಅಂತ ಬರೆದುಬಿಡಿ, ಡಬ್ಬಿ ರಜೆ ಮೇಲೆ ಹೋಗಲಿ.

ಉತ್ತರ 9

ಪ್ರಶ್ನೆ ಕೇಳಿದವನು ನಾನು. ಎಲ್ಲರಿಗೂ ಥ್ಯಾಂಕ್ಸ್. 8ನೇ ಉತ್ತರದವರು ತಮಾಷೆಗೆ ಹೇಳಿದ್ದನ್ನೇ ಹಾಕಿಬಿಟ್ಟೆ. ಬಿಡುವು.

ಮೊದಲು ನಾನೂ ನಕ್ಕೆ. ಆಮೇಲೆ ಕಾಲಂನಲ್ಲಿ ಕೂರಿಸಿ ನೋಡಿದೆ. ಮೂರೇ ಅಕ್ಷರ, ಎಲ್ಲೂ ಒಡೆಯಲಿಲ್ಲ. 'ಎಸ್‌ಎಂಪಿಎಸ್‌ಗೆ ಬಿಡುವು: 74 ವ್ಯಾಟ್'. ಮೈತುಂಬ ಕೆಲಸ ಇರುವವರಿಗೆ ಬಿಡುವಿಲ್ಲ ಅನ್ನುತ್ತೇವಲ್ಲ, ಇದಕ್ಕೂ ಹಾಗೇ. ಬಿಡುವನ್ನು ಯಾರೂ ಖರ್ಚಿಗೆ ಇರುವ ದುಡ್ಡು ಅಂದುಕೊಳ್ಳುವುದಿಲ್ಲ. ಕಂಪ್ಯೂಟರ್ ಕೆಲಸ ಗೊತ್ತಿಲ್ಲದ ಗೆಳೆಯನಿಗೆ ತೋರಿಸಿದೆ. "ಇಷ್ಟು ಬಿಡುವು ಸಾಲುತ್ತಾ?" ಅಂತ ಕೇಳಿದ. ನನಗೆ ಬೇಕಾಗಿದ್ದ ಪ್ರಶ್ನೆಯೇ ಅದು.

3ನೆಯವರು ಹೇಳಿದ ಹಾಗೆ ಲೆಕ್ಕವನ್ನೂ ತಿದ್ದಿಸಿದೆ. ಈಗ ಪುಟ ಮೊದಲು 12 ವೋಲ್ಟ್‌ನ ಆಂಪಿಯರ್ ಕೇಳುತ್ತದೆ. ಪಿನ್ ಪಿನ್ನಾಗಿಯೇ ಉಳಿಯಿತು. ಮದರ್‌ಬೋರ್ಡ್‌ನ ಸ್ಲಾಟ್‌ನಿಂದ 75 ವ್ಯಾಟ್, 6 ಪಿನ್‌ನಿಂದ 75, 8 ಪಿನ್‌ನಿಂದ 150 ಅನ್ನುವ ಕೋಷ್ಟಕದಲ್ಲಿ 'ಗೂಟ' ಕೂರಿಸಲು ಕೈ ಬರಲಿಲ್ಲ, ಕ್ಷಮಿಸಿ. ಸ್ಪೈಕ್‌ಗೆ 'ಎಗರಿಕೆ' ತೆಗೆದುಕೊಂಡೆ.

ಒಂದು ಉಳಿದಿದೆ. ಒಂದೇ ಕೇಬಲ್‌ನ ತುದಿಯಲ್ಲಿ ಎರಡು 8 ಪಿನ್ ಕನೆಕ್ಟರ್ ಒಂದರ ಹಿಂದೆ ಒಂದು ಜೋತಾಡುತ್ತವಲ್ಲ, ಅದಕ್ಕೆ? ಹೆಚ್ಚು ತಿನ್ನುವ ಕಾರ್ಡ್‌ಗೆ ಅದನ್ನು ಬಳಸದೆ ಸಪ್ಲೈನಿಂದಲೇ ಎರಡು ಬೇರೆ ಕೇಬಲ್ ಎಳೆಯಿರಿ ಅಂತ ಎಚ್ಚರಿಕೆ ಬರೆಯಬೇಕು. ಮೂಲದಲ್ಲಿ ಪಿಗ್‌ಟೇಲ್ ಅಂತಿದೆ. ಹಂದಿಬಾಲ ಅನ್ನಲಾರೆ.

ಉತ್ತರ 10 (5ನೆಯವರು)

ಕವಲು ಕೇಬಲ್. ಇದರಲ್ಲಿ ಱ ಇಲ್ಲ.

ಉತ್ತರ 11 (8ನೆಯವರು)

ಕೇಬಲ್ ಇದೆ.