ಅಪ್‌ಡೇಟ್: ನಮ್ಮ ಅಡ್ಡಹೆಸರು ‘ಸುಂಕದ’ ಎಲ್ಲಿಂದ ಬಂತು?

ಹೋದ ತಿಂಗಳು ಕೇಳಿದ್ದೆ: ‘ಸುಂಕದ’ ಅನ್ನೋ ನಮ್ಮ ಅಡ್ಡಹೆಸರಿನ ಅರ್ಥವೇನು, ಇಷ್ಟು ಅಪರೂಪ ಯಾಕೆ ಅಂತ. ಉತ್ತರಿಸಿದ ಎಲ್ಲರಿಗೂ ಶರಣು.

ಇದು ಕಸುಬಿನಿಂದ ಬಂದ ಹೆಸರು. ಬೆಲ್ಲದ, ಉಪ್ಪಿನ ಇದ್ದಹಾಗೆ ಇದೂ ಷಷ್ಠಿ ವಿಭಕ್ತಿಯಲ್ಲೇ ನಿಂತುಬಿಟ್ಟಿದೆ. ‘ಮನೆಯವರು’ ಅನ್ನೋದು ಬಿದ್ದುಹೋಗಿದೆ. ಸಂಸ್ಕೃತದ ‘ಶುಲ್ಕ’ ಪ್ರಾಕೃತದಲ್ಲಿ ‘ಸುಂಕ’ ಆಗಿ ನಮಗೆ ಬಂದದ್ದು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕದ ಬಗೆಗಳೇ ಬರುತ್ತವೆ. ಪೇಟೆಗೆ ಹೋಗುವ ಎತ್ತಿನ ಹೇರಿನ ಮೇಲೂ ವಸೂಲಿ ಇತ್ತು.

ನನಗೆ ಕಣ್ಣು ತುಂಬಿದ್ದು ಸುಂಕದ ಬಂಕಣ್ಣನ ವಿಷಯ ಓದಿ. 12ನೇ ಶತಮಾನದ ಶರಣ, ಸುಂಕ ವಸೂಲಿಯೇ ಅವನ ಕಾಯಕ, ಅಂಕಿತ ಬಂಕೇಶ್ವರಲಿಂಗ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಅಂತ ಶಾಲೆಯಲ್ಲಿ ಗೆಳೆಯರು ಕಾಡಿಸುತ್ತಿದ್ದರು. ಅದೇ ಕೆಲಸದವನೊಬ್ಬ ವಚನ ಬರೆದಿದ್ದಾನೆ!

ನಾವು ಅವನ ವಂಶದವರು ಅಂತ ಹೇಳುತ್ತಿಲ್ಲ, ಹೆಸರಷ್ಟೇ ಒಂದು. ಊರಿಗೊಬ್ಬನೋ ಇಬ್ಬರೋ ಸುಂಕದವರಿದ್ದರೆ ಸಾಕಿತ್ತು, ಹಾಗಾಗಿ ಮನೆತನಗಳೂ ಕಡಿಮೆ ಅನಿಸುತ್ತದೆ. ಅಪ್ಪಾಜಿಗೆ ಇದನ್ನೆಲ್ಲ ಓದಿ ಹೇಳಿದೆ, ಎರಡು ಸಲ ಓದಿಸಿದರು.